ಗ್ರೈಂಡರ್ ಸುಟ್ಟವಳು

ಗಂಡನ ಮನೆಯವರ ಬಾಯಲ್ಲಿ ನನಗೊಂದು ಬಿರುದು ಇದೆ. ಗ್ರೈಂಡರ್ ಸುಟ್ಟವಳು. ಮದುವೆಯಾಗಿ ಮಸ್ಕತ್ತಿಗೆ ಬಂದ ಮೊದಲ ವರ್ಷವೇ ದಕ್ಕಿದ್ದು. ಸೀಮಂತವಿರಲಿ, ಗೃಹಪ್ರವೇಶವಿರಲಿ, ನಾನು ಯಾವುದಾದರೂ ಸ್ವಿಚ್ಚಿನ ಕಡೆ ಕೈ ಚಾಚಿದರೆ ಸಾಕು, "ಅಯ್ಯೋ, ಅವಳ ಕೈಗೆ ಕೊಡ್ಬೇಡಿ ಮಾರಾಯ್ರೆ" ಎಂದು ಯಾರಾದರೊಬ್ಬರು ಕೂಗುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ. ನಗದಿದ್ದರೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಇನ್ನೊಂದು ಬಿರುದು ಸೇರುತ್ತಿತ್ತು. ಅದು ಸುಳ್ಳೇನಲ್ಲ, ನನಗೆ ಸಿಟ್ಟು ಜಾಸ್ತಿಯೇ.

ನಗುವಿನಲ್ಲಿ ಮುಗಿದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಮಸ್ಕತ್ತಿನ ಘಾಲಾದಲ್ಲಿ ಕಾರಿನ ಬಿಡಿಭಾಗದ ಒಂದು ಕಂಪೆನಿಯಲ್ಲಿ ನನಗೆ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಬಿ.ಕಾಂ. ಮಾಡಿದವಳು ನಾನು. ಆದರೆ ಈ ಊರಿನಲ್ಲಿ ಕಾರು ಓಡಿಸಲು ಬಾರದವಳು ಕಾಲು ಮುರಿದವಳಿಗೆ ಸಮ. ಡ್ರೈವಿಂಗ್ ಕಲಿಯುತ್ತೇನೆ ಎಂದಾಗ ನನ್ನ ಗಂಡ ಊಟದ ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ. "ಒಂದು ಗ್ರೈಂಡರ್ ಉಳಿಸ್ಲಿಕ್ಕೆ ಆಗ್ಲಿಲ್ಲ ನಿನಗೆ. ಇನ್ನು ಕಾರಾ?" ಎಂದರು. ಕೆಲಸ ಬೇರೆಯವಳಿಗೆ ಹೋಯಿತು. ಎಷ್ಟೋ ವರ್ಷದ ಮೇಲೆ ನನ್ನ ಮಗಳು ಲೈಸೆನ್ಸ್ ಹಿಡಿದುಕೊಂಡು ಮನೆಗೆ ಬಂದಳು. ನಾನು ಪಾಯಸ ಮಾಡಿದ್ದೆ. "ಥ್ಯಾಂಕ್ ಗಾಡ್, ಐ ಡಿಡಂಟ್ ಗೆಟ್ ಯುವರ್ ಹ್ಯಾಂಡ್ಸ್, ಅಮ್ಮ" ಎಂದು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಅಪ್ಪ ಮಗಳು ಇಬ್ಬರೂ ಸೇರಿ ನಕ್ಕರು.

ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನಾನೇ ಅದನ್ನು ನಂಬಿಬಿಟ್ಟಿದ್ದೆ. ನನ್ನ ಕೈ ಸರಿಯಿಲ್ಲ, ಯಂತ್ರ ಮುಟ್ಟಿದರೆ ಹಾಳಾಗುತ್ತದೆ ಎಂದು. ಹೊಸ ಓವನ್ ಬಂದರೆ ಮಗಳು ಕಾಲೇಜಿನಿಂದ ಬರುವವರೆಗೆ ಕಾಯುತ್ತಿದ್ದೆ. ವಾಷಿಂಗ್ ಮೆಷಿನ್ನಿನ ಗುಂಡಿ ಒತ್ತುವಾಗ ಈಗಲೂ ಉಸಿರು ಹಿಡಿಯುತ್ತೇನೆ.

ಗ್ರೈಂಡರ್ ನನ್ನ ಅಮ್ಮ ಹಠ ಹಿಡಿದು ಕೊಡಿಸಿದ್ದು. "ಪರದೇಶದಲ್ಲಿ ಕಡೆದು ಕಡೆದು ಸಾಯ್ಬೇಡ ನೀನು" ಎಂದಿದ್ದಳು. ಮೇಜಿನ ಮೇಲೆ ಇಡುವಂಥದ್ದು, ಆಗಿನ ಕಾಲಕ್ಕೆ ಹೊಸದು. ಕೆಂಪು ಮೈ, ಸ್ಟೀಲಿನ ಪಾತ್ರೆ, ತಳದಲ್ಲಿ ಕಲ್ಲು, ಒಳಗೆ ಉರುಳುವ ಎರಡು ಗುಂಡುಕಲ್ಲು. ನಮ್ಮ ಕಡೆ ಮದುವೆಯ ಪಾತ್ರೆಗೆ ಹೆಸರು ಹಾಕಿಸದೆ ಹೆಣ್ಣನ್ನು ಕಳಿಸುವುದಿಲ್ಲ. ಪಾತ್ರೆ ಅಂಗಡಿಯವನು ಚೊಂಬು, ಹರಿವಾಣ ಎಲ್ಲಕ್ಕೂ ಹಾಕಿದ ಹಾಗೆ ಗ್ರೈಂಡರಿನ ಸ್ಟೀಲಿಗೂ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು, ಅದರ ಕೆಳಗೆ ಮದುವೆಯ ತಾರೀಕು ಕೊರೆದು ಕೊಟ್ಟಿದ್ದ.

ಆಗ ನಾವು ರೂವಿಯ ಒಂದು ಫ್ಲಾಟಿನಲ್ಲಿ ಇದ್ದೆವು. ಒಂದು ಕೋಣೆಯಲ್ಲಿ ಗಂಡನ ಅಣ್ಣ ಮತ್ತು ಅವರ ಹೆಂಡತಿ, ಇನ್ನೊಂದರಲ್ಲಿ ನಾವು. ಗಂಡನ ಅಣ್ಣನನ್ನು ನಾನು ಭಾವ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಕರೆದ ಮಾತ್ರಕ್ಕೆ ಅಕ್ಕ ಆಗುವುದಿಲ್ಲ ಎನ್ನುವುದು ಆ ಮನೆಯಲ್ಲಿ ಕಲಿತ ಮೊದಲ ಪಾಠ. ಅಕ್ಕನಿಗೆ ಒಂದು ವ್ಯಾಪಾರವಿತ್ತು. ಘಾಲಾದ ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಒಂದೊಂದು ಕೋಣೆಯಲ್ಲಿ ಏಳೆಂಟು ಮಂದಿ ಇರುತ್ತಿದ್ದರು. ಅವರಿಗೆ ಶುಕ್ರವಾರದ ಕೋಳಿಗೆ, ಮೀನಿಗೆ ಕಡೆದ ಮಸಾಲೆ, ವಾರವಿಡೀ ದೋಸೆ ಹಿಟ್ಟು. ಅಕ್ಕ ಡಬ್ಬಿ ತುಂಬಿಸಿ ಕೊಡುತ್ತಿದ್ದಳು, ಭಾವ ಕಾರಿನಲ್ಲಿ ಹಂಚಿ ಬರುತ್ತಿದ್ದರು.

ಆ ಅಡುಗೆಮನೆಯ ಮೂಲೆಯಲ್ಲಿ ಒಂದು ಕಡೆಯುವ ಕಲ್ಲು, ಅಂದರೆ ರುಬ್ಬುವ ಕಲ್ಲು, ಇತ್ತು. ಊರಿನಿಂದ ಹಡಗಿನಲ್ಲಿ ತರಿಸಿದ್ದು. ನಾನು ಬಂದ ವಾರವೇ ಅಕ್ಕ ಅದರ ಮುಂದೆ ಮಣೆ ಹಾಕಿ ತೋರಿಸಿದಳು. ನಾನು ಮಣೆಯ ಮೇಲೆ ಕೂರಲಿಲ್ಲ. "ಮೆಷಿನ್ ಉಂಟಲ್ಲ ಅಕ್ಕ, ಕಲ್ಲು ಯಾಕೆ?" ಎಂದೆ. ಅಕ್ಕನ ಮುಖ ಸಣ್ಣದಾಯಿತು. ಯಂತ್ರದ್ದು ಬಿಸಿಯಾಗುತ್ತದೆ, ತೆಂಗಿನಕಾಯಿ ಎಣ್ಣೆ ಬಿಡುತ್ತದೆ, ರುಚಿ ಇರುವುದಿಲ್ಲ ಎಂದೆಲ್ಲ ಹೇಳಿದಳು. ನಾನು ಕೇಳಲಿಲ್ಲ. ನನ್ನ ಗ್ರೈಂಡರಿಗೆ ಇಲ್ಲಿಯ ಚೌಕ ಪಿನ್ನಿನ ಪ್ಲಗ್ ಹಾಕಿಸಿಕೊಂಡು ಅದರಲ್ಲೇ ಕಡೆದೆ. ಮೂರು ತಿಂಗಳು ಹೀಗೆ ನಡೆಯಿತು.

ಒಂದು ಶುಕ್ರವಾರ ಬೆಳಿಗ್ಗೆ ಅಕ್ಕಿ ಉದ್ದು ಹಾಕಿ, ಗ್ರೈಂಡರ್ ತಿರುಗಲು ಬಿಟ್ಟು ಸ್ನಾನಕ್ಕೆ ಹೋದೆ. ಬರುವಾಗ ಅದು ನಿಂತಿತ್ತು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಭಾವ ಇದ್ದರು, ನನ್ನ ಗಂಡನೂ ಇದ್ದರು.

"ಸುಟ್ಟ ವಾಸನೆ ಬರ್ತಾ ಉಂಟು, ನಿನಗೆ ಗೊತ್ತಾಗುವುದಿಲ್ವಾ?" ಎಂದಳು ಅಕ್ಕ.

ನನಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಹಾಗೆಂದೆ. "ಮೂಗೂ ಇಲ್ಲ ಇವಳಿಗೆ" ಎಂದು ಭಾವ ನಕ್ಕರು. ಗಂಡನ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮೂವರು ನಿಂತು ವಾಸನೆ ಬರುತ್ತಿದೆ ಎಂದರೆ ಬರುತ್ತಿರಲೇಬೇಕಲ್ಲ? ಮತ್ತೆ ಮತ್ತೆ ಮೂಸಿದೆ. ಕೊನೆಗೆ ನನಗೂ ಬಂತು. ಆಣೆ ಮಾಡಿ ಹೇಳುತ್ತೇನೆ, ಆ ವಾಸನೆ ವರ್ಷಗಟ್ಟಲೆ ನನ್ನ ಮೂಗಿನಲ್ಲಿ ಇತ್ತು.

ಭಾವ ಗ್ರೈಂಡರನ್ನು ಕಾರಿಗೆ ಹಾಕಿಕೊಂಡು ಹೋದರು. ಸಂಜೆ ಬರಿಗೈಯಲ್ಲಿ ಬಂದು "ಖಲಾಸ್. ಒಳಗೆ ಕಾಯಿಲ್ ಎಲ್ಲ ಕರಗಿ ಹೋಗಿದೆಯಂತೆ. ಅಲ್ಲೇ ಬಿಸಾಡಿ ಬಂದೆ" ಎಂದರು. ಅಕ್ಕ ಮಣೆಯನ್ನು ಕಾಲಿನಿಂದ ಕಲ್ಲಿನ ಹತ್ತಿರ ದೂಡಿದಳು. "ಸುಟ್ಟವಳೇ ಕಡೆಯಲಿ." ನಾನು ಮಣೆಯ ಮೇಲೆ ಕೂತೆ. ತಪ್ಪು ನನ್ನದು ತಾನೇ?

ಊರಿಗೆ ಫೋನು ಮಾಡಿ ಅಮ್ಮನಿಗೆ ಹೇಳುವ ಕೆಲಸವನ್ನೂ ಅಕ್ಕನೇ ಮಾಡಿದಳು. ಅಮ್ಮ ನನ್ನ ಹತ್ತಿರ ಮಾತಾಡಿ, "ಇಷ್ಟೂ ಜಾಗ್ರತೆ ಇಲ್ವಾ ನಿನಗೆ? ಕೊಟ್ಟದ್ದರ ಬೆಲೆ ಗೊತ್ತುಂಟಾ?" ಎಂದು ಅತ್ತಳು. ಅಮ್ಮ ಈಗ ಇಲ್ಲ. ಮಗಳು ಅಜಾಗ್ರತೆಯವಳು ಎಂದು ತಿಳಿದುಕೊಂಡೇ ಹೋದಳು.

ಬೌಷರಿನಲ್ಲಿ ನಮ್ಮದೇ ಫ್ಲಾಟ್ ಮಾಡಿಕೊಳ್ಳುವವರೆಗೆ, ಐದಾರು ವರ್ಷ, ದಿನಾ ಕಡೆದೆ. ಬೆಳಿಗ್ಗೆ ಮಸಾಲೆ, ಮಧ್ಯಾಹ್ನ ಅಕ್ಕಿ. ಮೆಣಸಿನ ಉರಿಗೆ ಉಗುರಿನ ಬುಡ ಬಿರಿಯುತ್ತಿತ್ತು. ಬಲಭುಜ ಆಗ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಈಗಲೂ ತಲೆ ಬಾಚಲು ಎಡಗೈ ಬೇಕು. ಘಾಲಾದ ಹುಡುಗರು ಮಾತ್ರ ಭಾವನ ಹತ್ತಿರ ಹೊಗಳಿ ಕಳಿಸುತ್ತಿದ್ದರಂತೆ, ಅತ್ತಿಗೆಯ ಮಸಾಲೆಗೆ ಅಮ್ಮನ ಕೈ ರುಚಿ ಉಂಟು ಎಂದು. ಅತ್ತಿಗೆ ಎಂದರೆ ಅಕ್ಕ, ನಾನಲ್ಲ. ನಾನು ಮಸಾಲೆಯಲ್ಲಿ ಎಲ್ಲಿಯೂ ಇರಲಿಲ್ಲ.

ಈ ವರ್ಷ ಭಾವ ತೀರಿಕೊಂಡರು. ಅಕ್ಕನ ವೀಸಾ ಭಾವನ ಹೆಸರಿನ ಮೇಲೆ ಇತ್ತು. ಅವರು ಹೋದ ಮೇಲೆ ಇವಳಿಗೂ ಇಲ್ಲಿ ಜಾಗವಿಲ್ಲ, ಕ್ಯಾನ್ಸಲ್ ಮಾಡಿ ಪುಣೆಯ ಮಗಳ ಮನೆಗೆ ಹೊರಡಬೇಕು. ರೂವಿಯ ಅದೇ ಫ್ಲಾಟಿನ ಸಾಮಾನೆಲ್ಲ ಮಾರಾಟಕ್ಕೆಂದು ವಾಟ್ಸಾಪಿನಲ್ಲಿ ಫೋಟೋ ಬಂತು. ಸೋಫಾ, ಫ್ರಿಜ್, ಮಂಚ, ಭಾವ ಕೊನೆಯವರೆಗೆ ಕೂರುತ್ತಿದ್ದ ಕುರ್ಚಿ ಸಹ. ಮರುದಿನ ನನಗೆ ಅಕ್ಕನ ಫೋನು. "ನೀನು ಬಾ. ಪಾತ್ರೆಗಳು ಜಿಡ್ಡು ಹಿಡಿದಿವೆ, ತೊಳೆದು ಇಟ್ರೆ ಜನ ತಗೊಳ್ತಾರೆ." ಗಂಡ ಸತ್ತ ಮನೆ, ಇಲ್ಲ ಎನ್ನುವುದು ಹೇಗೆ? ಹೋದೆ. ನನ್ನ ಗಂಡ ಕಾರು ನಿಲ್ಲಿಸಿ, "ಮೇಲೆ ಗೌಜಿ ಇರ್ತದೆ, ನಾನು ಇಲ್ಲೇ ಇರ್ತೇನೆ" ಎಂದು ಎಸಿ ಹಾಕಿಕೊಂಡು ಕಾರಿನಲ್ಲೇ ಕೂತರು.

ಮೇಲೆ ನಿಜವಾಗಿಯೂ ಗೌಜಿ, ಸಂತೆಯ ಹಾಗೆ ಗದ್ದಲ. ಒಬ್ಬ ಒಮಾನಿ ಯಜಮಾನ ಸೋಫಾದ ಮೇಲೆ ಕೂತು ಕುಪ್ಪಳಿಸಿ ನೋಡುತ್ತಿದ್ದ. ಯಾರೋ ಹೆಂಗಸು ದೇವರ ಕೋಣೆಯ ದೀಪಕ್ಕೆ ಚೌಕಾಸಿ ಮಾಡುತ್ತಿದ್ದಳು. ಅಕ್ಕ ಬಿಳಿ ಸೀರೆಯಲ್ಲ, ಒಳ್ಳೆಯ ನೀಲಿ ಸೀರೆಯಲ್ಲೇ ನಿಂತು ವ್ಯಾಪಾರ ಮಾಡುತ್ತಿದ್ದಳು. ಅಳುತ್ತಾ ಕೂತಿರಬಹುದು ಎಂದುಕೊಂಡು ಬಂದ ನನಗೆ ನಗು ಬಂತು. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತೆ.

ಬರ್ಕಾದಿಂದ ಒಬ್ಬಳು ನರ್ಸ್ ಹುಡುಗಿ ಬಂದಿದ್ದಳು. ಉಡುಪಿ ಕಡೆಯವಳು, ಹೊಸ ಸಂಸಾರ. ಅಡುಗೆ ಸಾಮಾನು ಬೇಕಿತ್ತು ಅವಳಿಗೆ. ಸಾಮಾನು ಇಳಿಸಲು ಕರೆದಿದ್ದ ಬಂಗಾಳಿ ಆಳು ಸ್ಟೋರಿನ ಅಟ್ಟದಿಂದ ಒಂದೊಂದೇ ಕಾರ್ಟನ್ ತಂದು ನಮ್ಮ ಮುಂದೆ ಇಡುತ್ತಿದ್ದ. ಕೊನೆಗೆ ಗೋಡೆಗೆ ತಾಗಿ ಇದ್ದದ್ದನ್ನು ತಂದ. ಹಳದಿ ನೈಲಾನ್ ಹಗ್ಗದಿಂದ ನಾಲ್ಕು ಸುತ್ತು ಬಿಗಿದ ಪೆಟ್ಟಿಗೆ. ಭಾರವಿತ್ತು, ಇಡುವಾಗ ದಡ್ ಎಂದಿತು.

"ಇದರಲ್ಲಿ ಎಂತ ಉಂಟು ಆಂಟಿ?" ಎಂದಳು ಹುಡುಗಿ.

"ಯಾರಿಗೆ ಗೊತ್ತು, ನೋಡುವ" ಎಂದು ಚೂರಿಯಿಂದ ಹಗ್ಗ ಕುಯ್ದೆ. ಮೇಲೆ ಹಳೆಯ ಸೀರೆ, ಅದರ ಕೆಳಗೆ ಅರಬಿ ಪೇಪರು, ಅದರ ಕೆಳಗೆ ಪ್ಲಾಸ್ಟಿಕ್. ಪ್ಲಾಸ್ಟಿಕ್ ಬಿಡಿಸಿದರೆ ಕೆಂಪು ಮೈ. ಒಂದು ಗೀರು ಇಲ್ಲ. ಸ್ಟೀಲು ಹೊಳೆಯುತ್ತಿತ್ತು, ಗುಂಡುಕಲ್ಲುಗಳಿಗೆ ಬಟ್ಟೆ ಸುತ್ತಿ ಇಟ್ಟಿದ್ದರು. "ಅಯ್ಯ, ಎಷ್ಟು ಚೆಂದ ಉಂಟು! ಹಳೆ ಕಾಲದ್ದಲ್ವಾ? ಹೊಸದರ ಹಾಗೇ ಉಂಟು!" ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಪಾತ್ರೆಯನ್ನು ತಿರುಗಿಸಿದೆ. ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು. ಕೆಳಗೆ ನನ್ನ ಮದುವೆಯ ತಾರೀಕು.

ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಭಾವ ಬಿಸಾಡಿ ಬಂದಿರಲಿಲ್ಲ. ಈ ಮನೆಯ ಅಟ್ಟದಲ್ಲೇ ಇಟ್ಟಿದ್ದರು. ನಾನು ಕಡೆಯುತ್ತಿದ್ದಾಗ ಅದು ನನ್ನಿಂದ ಹತ್ತು ಹೆಜ್ಜೆ ಆಚೆ ಸೀರೆ ಹೊದ್ದು ಮಲಗಿತ್ತು. ಆದರೂ ನನ್ನ ಮೊದಲ ಯೋಚನೆ ಏನು ಗೊತ್ತೇ? ಸುಟ್ಟ ಗ್ರೈಂಡರನ್ನು ಯಾಕೆ ಇಷ್ಟು ಜೋಪಾನ ಮಾಡಿದರು ಪಾಪ, ರಿಪೇರಿ ಮಾಡಿಸೋಣ ಎಂದಿರಬಹುದು ಎಂದು! ಅಷ್ಟು ಚೆನ್ನಾಗಿ ಕಲಿಸಿದ್ದರು ನನಗೆ.

"ಟೆಸ್ಟ್ ಮಾಡಿ ನೋಡುವನಾ?" ಎಂದು ಹುಡುಗಿ ಪ್ಲಗ್ ಹಾಕಿ ಸ್ವಿಚ್ ಒತ್ತಿದಳು. ಏನೂ ಆಗಲಿಲ್ಲ. "ಸುಟ್ಟು ಹೋಗಿದೆ ಅದು. ನಾನೇ ಸುಟ್ಟದ್ದು" ಎಂದೆ. ಹುಡುಗಿ ಗ್ರೈಂಡರಿನ ತಳಕ್ಕೆ ಮೂಗು ಹಿಡಿದು, "ಸುಟ್ಟದ್ದರ ವಾಸನೆಯೇ ಇಲ್ಲ ಆಂಟಿ. ಇಲ್ಲಿಯ ಪ್ಲಗ್ಗಿನ ಒಳಗೇ ಒಂದು ಫ್ಯೂಸ್ ಇರ್ತದೆ, ಕೆಲವೊಮ್ಮೆ ಅದು ಮಾತ್ರ ಹೋಗಿರ್ತದೆ" ಎಂದಳು. ಅಲ್ಲೇ ಇದ್ದ ಚೂರಿಯ ತುದಿಯಿಂದ ಪ್ಲಗ್ಗಿನ ಸ್ಕ್ರೂ ತಿರುಗಿಸಿ ಮುಚ್ಚಳ ತೆಗೆದಳು. ಆಮೇಲೆ ನನಗೆ ತೋರಿಸಿದಳು.

"ಫ್ಯೂಸ್ ಹೋದದ್ದಲ್ಲ ಆಂಟಿ. ಫ್ಯೂಸೇ ಇಲ್ಲ ಇದರಲ್ಲಿ. ಯಾರೋ ತೆಗೆದಿದ್ದಾರೆ."

ಕಿರುಬೆರಳಿನ ಒಂದು ಗಂಟಿನಷ್ಟು ಜಾಗ, ಖಾಲಿ. ಹುಡುಗಿ ಪಕ್ಕದಲ್ಲಿದ್ದ ಮಿಕ್ಸಿಯ ಪ್ಲಗ್ ಬಿಚ್ಚಿ ಅದರ ಫ್ಯೂಸ್ ತೆಗೆದು ಇದಕ್ಕೆ ಹಾಕಿದಳು. ಸ್ವಿಚ್ ಒತ್ತಿದಳು. ಗ್ರೈಂಡರ್ ತಿರುಗಿತು. ಒಂದು ಕರಕರ ಇಲ್ಲ, ತಡವರಿಕೆ ಇಲ್ಲ.

ಸದ್ದಿಗೆ ಅಕ್ಕ ಬಂದಳು. ಬಾಗಿಲಲ್ಲಿ ನಿಂತಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಾಚಿಕೆ ಬರುತ್ತದೆ, ಹೆದರಿಕೆ ಬರುತ್ತದೆ, ಕನಿಷ್ಠ ಒಂದು ಸುಳ್ಳಾದರೂ ಬರುತ್ತದೆ ಎಂದು ಕಾದೆ.

"ಓ, ಇದಾ" ಎಂದಳು. "ಇದು ಉಂಟು ಅಂತ ಮರೆತೇ ಹೋಗಿತ್ತು ನನಗೆ. ಊರಲ್ಲಿ ಮನೆ ಕಟ್ಟಿದ ಮೇಲೆ ಬೇಕಾಗ್ತದೆ ಅಂತ ಇವರು ಕಟ್ಟಿಟ್ಟದ್ದು. ನೀನೂ ಹೋಗಿ ಬರುವ ಊರು, ನಿನ್ನ ಕಣ್ಣಿಗೆ ಬಿದ್ರೆ ಅಂತ ಕಳಿಸ್ಲಿಕ್ಕೆ ಆಗ್ಲಿಲ್ಲ."

"ಸುಟ್ಟದ್ದು ಅಂತ ಹೇಳಿದ್ರಲ್ಲ ಅಕ್ಕ."

"ಮತ್ತೆಂತ ಹೇಳುವುದು? ಕಲ್ಲಿನಲ್ಲಿ ಕಡೆ ಅಂದ್ರೆ ನೀನು ಕೇಳ್ತಿದ್ಯಾ? ಮಾತಿಗೆ ಮುಂಚೆ ಮೆಷಿನ್ ಮೆಷಿನ್ ಅಂತಿದ್ದಿ. ಹುಡುಗರು ಮೆಷಿನಿನ ಮಸಾಲೆ ವಾಪಸ್ ಕಳಿಸ್ಲಿಕ್ಕೆ ಶುರು ಮಾಡಿದ್ರು. ಮನೆ ನಡೀಬೇಕಲ್ಲ." ಎಂದವಳೇ ನರ್ಸ್ ಹುಡುಗಿಯ ಕಡೆ ತಿರುಗಿ, "ನಿನಗೆ ಬೇಕಾ ಮಗಾ ಇದು? ಈಗ ಇಂಥದ್ದು ಸಿಗುವುದಿಲ್ಲ" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತ ಭಾವ ಎದ್ದು ಬಂದು ನನ್ನ ಕಣ್ಣೆದುರೇ ಇನ್ನೊಮ್ಮೆ ಸಾಯಲಿ ಎನಿಸಿತು. ಸುಳ್ಳು ಹೇಳುವುದಿಲ್ಲ, ಹಾಗೇ ಅನಿಸಿತು. "ನಿಮ್ಮ ಗಂಡ ಹೋದದ್ದು ಒಳ್ಳೇದಾಯ್ತು ಅಕ್ಕ. ಇಲ್ಲದಿದ್ರೆ ಇವತ್ತು ಎರಡು ಮಾತು ಅವರಿಗೂ ಇತ್ತು" ಎಂದೆ. ಹುಡುಗಿ ಬೆಚ್ಚಿ ಹಿಂದೆ ಸರಿದಳು. ಹೊರಗೆ ದೀಪಕ್ಕೆ ಚೌಕಾಸಿ ಮಾಡುತ್ತಿದ್ದ ಹೆಂಗಸು ದೀಪ ಕೆಳಗಿಟ್ಟು ಇತ್ತ ನೋಡಿದಳು. ಅಕ್ಕನ ಕಣ್ಣಲ್ಲಿ ಮೊದಲ ಸಲ ನೀರು ಬಂತು. ಆ ನೀರು ಭಾವನಿಗೆ. ನನಗಲ್ಲ.

ಕಣ್ಣೊರೆಸಿಕೊಂಡು ಅವಳು ಹೇಳಿದ್ದು ಇಷ್ಟೇ. "ಸತ್ತವರ ಮೇಲೆ ಯಾಕೆ ಹಾಕ್ತಿ? ಇವರಿಗೆ ಒಂದು ಬಲ್ಬು ಹಾಕ್ಲಿಕ್ಕೂ ಗೊತ್ತಿರ್ಲಿಲ್ಲ. ಆ ಪ್ಲಗ್ ಬಿಚ್ಚಿದವರು ಕೆಳಗೆ ಕಾರಲ್ಲಿ ಕೂತಿದ್ದಾರೆ. ಹೋಗಿ ಕೇಳು."

ಗ್ರೈಂಡರನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆ. "ಬೇಕಿದ್ರೆ ತಗೊಂಡು ಹೋಗು, ನಿನ್ನ ಹತ್ತಿರ ದುಡ್ಡು ಕೇಳುವುದಿಲ್ಲ" ಎಂದು ಅಕ್ಕ ಹಿಂದಿನಿಂದ ಹೇಳುತ್ತಿದ್ದಳು. ನನ್ನ ಹೆಸರು ಇರುವ ನನ್ನ ಸಾಮಾನನ್ನು ನನಗೆ ದಾನ ಮಾಡುವ ಧೈರ್ಯ ನೋಡಿ! ಬಂಗಾಳಿ ಆಳು ಪೆಟ್ಟಿಗೆ ಹೊತ್ತು ಕೆಳಗೆ ತಂದ. ಲಿಫ್ಟಿನಲ್ಲಿ ನಾನು ಗಂಡನ ಪರವಾಗಿ ವಾದ ಮಾಡುತ್ತಾ ಬಂದೆ. ಅಕ್ಕನ ಬಾಯಿ ಎಂದಾದರೂ ನಂಬಲು ಆಗುತ್ತದೆಯೇ, ತನ್ನದನ್ನು ಮುಚ್ಚಿಕೊಳ್ಳಲು ಇವರ ಹೆಸರು ಎಳೆದಿದ್ದಾಳೆ, ಅಣ್ಣ ಅತ್ತಿಗೆ ಸೇರಿ ಇವರಿಗೂ ಮೋಸ ಮಾಡಿದ್ದಾರೆ ಎಂದು. ಅವರೂ ನನ್ನ ಹಾಗೆ ಮೋಸಹೋದವರಾಗಿದ್ದರೆ ಉಳಿದದ್ದನ್ನೆಲ್ಲ ನುಂಗಿಕೊಳ್ಳಲು ನಾನು ತಯಾರಿದ್ದೆ. ಬದುಕೆಲ್ಲ ಒಟ್ಟಿಗೆ ಕಳೆದವರು ಅವರು ಒಬ್ಬರೇ.

ಆಳು ಡಿಕ್ಕಿಯಲ್ಲಿ ಪೆಟ್ಟಿಗೆ ಇಡುವಾಗ ಇವರು ಇಳಿದು ಬಂದರು. ತೆರೆದ ಮುಚ್ಚಳದ ಸಂದಿಯಲ್ಲಿ ಕೆಂಪು ಕಂಡಿತು. "ಇದು ಇನ್ನೂ ಉಂಟಾ?" ಎಂದರು.

ಸುಟ್ಟು ಹೋಗಿತ್ತಲ್ಲ ಎಂದು ಕೇಳಲಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ.

ರೂವಿಯ ಟ್ರಾಫಿಕ್ ದಾಟಿದೆವು. ಹೈವೇ ಹತ್ತಿದ ಮೇಲೆ ಕೇಳಿದೆ. "ಫ್ಯೂಸ್ ತೆಗೆದದ್ದು ನೀವಾ?"

"ಅಣ್ಣ ಹೇಳಿದ, ನಾನು ತೆಗೆದೆ" ಎಂದರು. ಕಣ್ಣು ರಸ್ತೆಯ ಮೇಲೆಯೇ ಇತ್ತು. "ಅವನ ಮನೆಯಲ್ಲಿ ಇದ್ದವರು ನಾವು. ನನ್ನ ವೀಸಾ ಮಾಡಿಸಿದ್ದು ಅವನು. ಕಂಪೆನಿಯ ಯಜಮಾನ, ಆ ಕಫೀಲನ ಕಾಲು ಹಿಡಿದು ನನಗೆ ಕೆಲಸ ಕೊಡಿಸಿದ್ದು ಅವನು. ಇಲ್ಲ ಅನ್ಲಿಕ್ಕೆ ಆಗ್ತದಾ?"

"ಆಮೇಲೆ? ನಾವು ಬೌಷರಿಗೆ ಬಂದ ಮೇಲೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ಸುಮ್ಮನಿರ್ತಿದ್ಯಾ? ಅತ್ತಿಗೆಯ ಜುಟ್ಟು ಹಿಡೀತಿದ್ದಿ. ಸಂಬಂಧ ಹಾಳಾಗ್ತಿತ್ತು." ಮತ್ತೆ ಸಮಾಧಾನ ಮಾಡುವವರ ದನಿಯಲ್ಲಿ, "ಒಂದು ಸಣ್ಣ ಫ್ಯೂಸಿನ ವಿಷಯ ಮಾರಾಯ್ತಿ. ನಿನ್ನ ಮಸಾಲೆ ಅಷ್ಟು ಒಳ್ಳೇದಿತ್ತು ಅಂತ ಖುಷಿಪಡು" ಎಂದರು.

"ನೀವೂ ನನ್ನನ್ನು ಗ್ರೈಂಡರ್ ಸುಟ್ಟವಳು ಅಂತ ಕರೆದಿರಿ. ಮಗಳೆದುರಿಗೆ ಕರೆದಿರಿ."

"ತಮಾಷೆಗೆ."

ನನಗೆ ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಒಂದು ವಿಷಯ ಕೇಳಲೇಬೇಕಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ ಏಳು ತಿಂಗಳು ತುಂಬಿದ ಮೇಲೂ ನಾನು ಆ ಮಣೆಯ ಮೇಲೆ ಕೂತಿದ್ದೆ. ಹೊಟ್ಟೆ ಕಲ್ಲಿಗೆ ತಾಗುತ್ತಿತ್ತು ಎಂದು ಒಂದು ಕಾಲು ಚಾಚಿ, ಅಡ್ಡ ತಿರುಗಿ ಕೂತು ಕಡೆಯುತ್ತಿದ್ದೆ. ಒಂದು ದಿನ ರಕ್ತ ಕಂಡಿತು. ಡಾಕ್ಟರಮ್ಮ ಮಲಗಿರು ಎಂದರು. ಮೂರನೆಯ ದಿನ ಅಕ್ಕ ಮಣೆ ಹಾಕಿದಳು, ನಾನು ಎದ್ದು ಕೂತೆ. ಇವರು ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದರು.

"ಆ ದಿನ," ಎಂದೆ, "ರಕ್ತ ಹೋಗಿ ಮೂರು ದಿನಕ್ಕೆ ನಾನು ಕಡೆಯಲಿಕ್ಕೆ ಕೂತಾಗ, ಮೇಲೆ ಅಟ್ಟದಲ್ಲಿ ಇದು ಹಾಳಾಗದೆ ಉಂಟು ಅಂತ ನಿಮಗೆ ಗೊತ್ತಿತ್ತಾ?"

ಅವರು ನಿಜವಾಗಿಯೂ ನೆನಪು ಮಾಡಿಕೊಂಡರು. ಹುಬ್ಬು ಗಂಟಿಕ್ಕಿ, ಯಾವ ತಿಂಗಳು, ಯಾವ ವರ್ಷ ಎಂದು ಲೆಕ್ಕ ಹಾಕುವ ಹಾಗೆ. ಬೌಷರಿನ ತಿರುವಿಗೆ ಇಂಡಿಕೇಟರ್ ಹಾಕಿದರು.

"ಆಗ ಹೇಗೆ ಹೇಳುವುದು?" ಎಂದರು. "ಆಗಲೇ ಅಲ್ವಾ ಆರ್ಡರ್ ಜಾಸ್ತಿ ಇದ್ದದ್ದು."